ಓಟು ಕೇಳುವವರ ಗಂಟು



ನಮ್ಮ ಸಂಘದ ವಾರ್ಷಿಕ ಸಭೆಗೆ ಬಂದವರೆಲ್ಲ ಕಂಡಿರುವ ನೋಟ ಇದು. ಅಲ್ಲಿಯವರೆಗೆ ಕಾಫಿ ಹೀರುತ್ತ ಹರಟೆ ಹೊಡೆಯುತ್ತಿದ್ದವರು, ಖಜಾಂಚಿಗಳು ಲೆಕ್ಕ ಓದಲು ಎದ್ದು ನಿಂತ ಕೂಡಲೇ ಕಿವಿ ನಿಮಿರಿಸುತ್ತಾರೆ. ಯುಗಾದಿ ಊಟದ ಬಾಳೆಎಲೆಗೆ ಹೋದ ವರ್ಷಕ್ಕಿಂತ ನಲವತ್ತು ಡಾಲರ್ ಹೆಚ್ಚಾದದ್ದೇಕೆ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಪಾಪ, ಖಜಾಂಚಿಗಳು ಫೈಲು ಮಗುಚಿ ರಸೀತಿ ಹುಡುಕಿ ತೋರಿಸುತ್ತಾರೆ. ನಲವತ್ತು ಡಾಲರಿಗೆ ಇಷ್ಟು ಜಗ್ಗುವ ನಾವು, ದೇಶದ ಬೊಕ್ಕಸದ ಬೀಗದ ಕೈ ಕೊಡಿ ಎಂದು ಬರುವವರ ಸ್ವಂತ ಗಂಟಿನ ವಿಷಯದಲ್ಲಿ ಏನು ಕೇಳಿದ್ದೇವೆ, ಎಂದಿನಿಂದ ಕೇಳುತ್ತಿದ್ದೇವೆ?

"ಡಾಕ್ಟ್ರೇ, ಈ ಸಲ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬೇಡ, ಬೇರೆ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಅಂದದ್ದರಿಂದ ಈ ಲೇಖನ. ನಮ್ಮ ಸಂಘದಲ್ಲಿ ಈ ದೇಶದ ಎರಡೂ ಪಕ್ಷದವರಿದ್ದಾರೆ, ಊರಿನ ಮೂರೂ ಪಕ್ಷಗಳ ಅಭಿಮಾನಿಗಳೂ ಇದ್ದಾರೆ. ಮುಂದೆ ಬರುವ ಹೆಸರುಗಳಲ್ಲಿ ನಿಮ್ಮ ಪ್ರೀತಿಪಾತ್ರರಿದ್ದರೆ ನನ್ನ ಮೇಲೆ ಮುನಿಸಿಕೊಳ್ಳಬೇಡಿ. ಎಲ್ಲರಿಗೂ ಒಂದೊಂದು ತುತ್ತು ಇದೆ.

ಈ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿದ್ದು ನನ್ನ ಕಸುಬಿನ ಮೂಲಕ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯಿದೆಯೊಳಗೆ "ಸನ್‌ಶೈನ್ ಆಕ್ಟ್" ಎಂಬ ಒಂದು ಭಾಗವಿದೆ. ಔಷಧ ಕಂಪನಿಯವರು ವೈದ್ಯರಿಗೆ ಕೊಡಿಸಿದ ಊಟ, ಪ್ರಯಾಣದ ಖರ್ಚು, ಭಾಷಣದ ಸಂಭಾವನೆ ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸಬೇಕು. ಮೊದಮೊದಲು ಹತ್ತು ಡಾಲರ್ ದಾಟಿದರೆ ಸಾಕು, ಲೆಕ್ಕಕ್ಕೆ ಬಂತು. 2014ರಿಂದ ಇದನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಹೆಸರು ಹಾಕಿ ನೋಡಬಹುದು. ನನ್ನ ಮಗಳು ಒಂದು ದಿನ ಹಾಗೆ ನೋಡಿ, "ಅಪ್ಪಾ, ನೀನು ಹದಿನಾಲ್ಕು ಡಾಲರಿನ ಸ್ಯಾಂಡ್‌ವಿಚ್ ತಿಂದಿದೀಯ" ಎಂದು ನಕ್ಕಳು. ನಾನೂ ನಕ್ಕೆ. ಕಾನೂನು ಸರಿಯಾಗಿಯೇ ಇದೆ. ಔಷಧ ಬರೆಯುವ ಕೈಗೆ ಯಾರು ತುತ್ತು ಹಾಕುತ್ತಾರೆ ಎಂದು ತಿಳಿಯುವ ಹಕ್ಕು ರೋಗಿಗೆ ಇರಬೇಕು. ಆದರೆ ಅದೇ ದೇಶದಲ್ಲಿ ಅಧ್ಯಕ್ಷನಾಗಲು ಹೊರಟವನು ತನ್ನ ತೆರಿಗೆ ಪತ್ರಗಳನ್ನು ತೋರಿಸಲೇಬೇಕೆಂಬ ಕಾನೂನು ಇಲ್ಲ ಎಂದು ತಿಳಿದಾಗ ಬೆರಗಾಯಿತು. ಇಷ್ಟು ವರ್ಷ ತೋರಿಸುತ್ತಿದ್ದರಲ್ಲ? ತೋರಿಸುತ್ತಿದ್ದುದು ರೂಢಿಯಿಂದ. ಆ ರೂಢಿ ಹುಟ್ಟಿದ ಬಗೆಯೇ ಒಂದು ಕಥೆ.

1951ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ತಲೆನೋವಿನ ಕಾಲ. ತೆರಿಗೆ ವಸೂಲು ಮಾಡುವ ಇಲಾಖೆಯಲ್ಲೇ ಲಂಚದ ಹಗರಣಗಳು ಹೊರಬಿದ್ದಿದ್ದವು. ಆ ವರ್ಷದ ಸೆಪ್ಟೆಂಬರ್ 27ರಂದು ಅವರು ಕಾಂಗ್ರೆಸ್ಸಿಗೆ ಸಂದೇಶ ಕಳಿಸಿ, ಚುನಾಯಿತರೂ ಮೇಲಿನ ಅಧಿಕಾರಿಗಳೂ ವರ್ಷಕ್ಕೊಮ್ಮೆ ತಮ್ಮ ಆದಾಯವನ್ನು ಬಹಿರಂಗಪಡಿಸುವಂತೆ ಕಾನೂನು ಮಾಡಿ ಎಂದು ಕೇಳಿದರು. ಕಾಂಗ್ರೆಸ್ಸು ಅದನ್ನು ಪಕ್ಕಕ್ಕಿಟ್ಟಿತು. ತನ್ನ ಕೊರಳಿಗೆ ತಾನೇ ಗಂಟೆ ಕಟ್ಟಿಕೊಳ್ಳುವ ಬೆಕ್ಕು ಎಲ್ಲಿದೆ?

ಮರುವರ್ಷವೇ ಚುನಾವಣೆ. ರಿಪಬ್ಲಿಕನ್ ಪಕ್ಷದಿಂದ ಐಸೆನ್‌ಹೋವರ್ ಅಧ್ಯಕ್ಷ ಪದವಿಗೆ, ಕ್ಯಾಲಿಫೋರ್ನಿಯಾದ ಮೂವತ್ತೊಂಬತ್ತು ವರ್ಷದ ಸೆನೆಟರ್ ರಿಚರ್ಡ್ ನಿಕ್ಸನ್ ಉಪಾಧ್ಯಕ್ಷ ಪದವಿಗೆ. 1952ರ ಸೆಪ್ಟೆಂಬರಿನಲ್ಲಿ ಪತ್ರಿಕೆಯೊಂದು ಸುದ್ದಿ ಒಡೆಯಿತು: ಊರಿನ ಶ್ರೀಮಂತರು ಸೇರಿ ನಿಕ್ಸನ್ನರ ರಾಜಕೀಯ ಖರ್ಚಿಗೆಂದು ಸುಮಾರು 18,000 ಡಾಲರಿನ ನಿಧಿ ಇಟ್ಟಿದ್ದಾರೆ ಎಂದು. ಅವರನ್ನು ಕೈಬಿಡಬೇಕೆಂಬ ಕೂಗು ಸ್ವಪಕ್ಷದಲ್ಲೇ ಎದ್ದಿತು. ಸೆಪ್ಟೆಂಬರ್ 23ರ ರಾತ್ರಿ ನಿಕ್ಸನ್ ಟೆಲಿವಿಷನ್ನಿನ ಮುಂದೆ ಕೂತು ಅರ್ಧ ಗಂಟೆ ಮಾತಾಡಿದರು. ಆರು ಕೋಟಿ ಜನ ನೋಡಿದರೆಂದು ಅಂದಾಜು. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ ಆಪಾದಿತನೊಬ್ಬ ಎದ್ದು ನಿಂತು ಮನೆಯ ಪಾತ್ರೆ ಪಗಡ ಎಣಿಸಿದ ಹಾಗಿತ್ತು ಅದು. ವಾಷಿಂಗ್ಟನ್ನಿನ ಮನೆಯ ಬೆಲೆ 41,000 ಡಾಲರ್, ಅದರ ಮೇಲೆ ಇನ್ನೂ 20,000 ಸಾಲ ಇದೆ. ತಂದೆತಾಯಿಗೆ 3,500 ಡಾಲರ್ ಕೊಡಬೇಕು, ನೂರಕ್ಕೆ ನಾಲ್ಕರ ಬಡ್ಡಿ ಕಟ್ಟುತ್ತಿದ್ದೇನೆ. ಕಾರು 1950ರ ಓಲ್ಡ್ಸ್‌ಮೊಬೀಲು. ಹೆಂಡತಿಗೆ ತುಪ್ಪಳದ ಕೋಟಿಲ್ಲ, ಬಟ್ಟೆಯ ಕೋಟೇ ಇರುವುದು. ಕೊನೆಗೆ ಟೆಕ್ಸಾಸಿನಿಂದ ಯಾರೋ ಕಳಿಸಿಕೊಟ್ಟ ಕಪ್ಪುಬಿಳುಪಿನ ನಾಯಿಮರಿಯ ವಿಷಯ. ಮಕ್ಕಳು ಅದಕ್ಕೆ ಚೆಕರ್ಸ್ ಎಂದು ಹೆಸರಿಟ್ಟಿದ್ದಾರೆ, ಯಾರು ಏನೇ ಹೇಳಲಿ ಅದನ್ನು ಮಾತ್ರ ಹಿಂದಿರುಗಿಸುವುದಿಲ್ಲ ಎಂದರು. ದೇಶ ಕಣ್ಣೀರಿಟ್ಟಿತು, ತಂತಿಗಳು ರಾಶಿರಾಶಿಯಾಗಿ ಬಂದವು, ನಿಕ್ಸನ್ ಉಳಿದುಕೊಂಡರು.

ಜನ ನೆನಪಿಟ್ಟದ್ದು ನಾಯಿಮರಿಯನ್ನು. ಆದರೆ ಅದೇ ಭಾಷಣದಲ್ಲಿ ನಿಕ್ಸನ್ ಇನ್ನೊಂದು ಬಾಣ ಬಿಟ್ಟಿದ್ದರು: ಎದುರು ಪಕ್ಷದ ಇಬ್ಬರೂ ತಮ್ಮ ಲೆಕ್ಕ ತೋರಿಸಲಿ, ತೋರಿಸದಿದ್ದರೆ ಏನೋ ಬಚ್ಚಿಟ್ಟಿದ್ದಾರೆಂದೇ ಅರ್ಥ. ಡೆಮಾಕ್ರಟಿಕ್ ಅಭ್ಯರ್ಥಿ ಆಡ್ಲೈ ಸ್ಟೀವನ್‌ಸನ್ ಹತ್ತು ವರ್ಷದ ತೆರಿಗೆ ಪತ್ರಗಳನ್ನು ಪತ್ರಿಕೆಯವರ ಮುಂದಿಟ್ಟರು. ಇದರಿಂದ ಇಕ್ಕಟ್ಟಿಗೆ ಸಿಕ್ಕಿದವರು ಐಸೆನ್‌ಹೋವರ್. ಯುದ್ಧದ ನೆನಪುಗಳ ಪುಸ್ತಕ ಮಾರಿ 6 ಲಕ್ಷ 35 ಸಾವಿರ ಡಾಲರ್ ಪಡೆದಿದ್ದ ಅವರು ಅದಕ್ಕೆ ಸಂಬಳದ ದರದ ತೆರಿಗೆ ಕಟ್ಟದೆ, ಬಂಡವಾಳ ಲಾಭದ ಕಡಿಮೆ ದರದಲ್ಲಿ ಕಟ್ಟಲು ಸರಕಾರದ ಒಪ್ಪಿಗೆ ಪಡೆದಿದ್ದರು. ಕಾನೂನಿನ ಪ್ರಕಾರವೇ, ಆದರೆ ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಅವರು ಪೂರ್ತಿ ಪತ್ರ ಕೊಡದೆ ಹತ್ತು ವರ್ಷದ ಸಾರಾಂಶ ಕೊಟ್ಟು ಮುಗಿಸಿದರು. ಇಷ್ಟೆಲ್ಲ ಹಚ್ಚಿದ ನಿಕ್ಸನ್ ಮಾತ್ರ ತಮ್ಮ ತೆರಿಗೆ ಪತ್ರಗಳನ್ನು ತೋರಿಸಲೇ ಇಲ್ಲ! ಬಾಯಲ್ಲಿ ಹೇಳಿದ ಲೆಕ್ಕವೇ ಲೆಕ್ಕ.

ಇದಾಗಿ ಹದಿನೈದು ವರ್ಷದ ಮೇಲೆ, 1967ರಲ್ಲಿ, ಮಿಷಿಗನ್ ರಾಜ್ಯದ ಗವರ್ನರ್ ಜಾರ್ಜ್ ರಾಮ್ನಿ ಅಧ್ಯಕ್ಷ ಪದವಿಗೆ ನಿಲ್ಲಲು ಹೊರಟರು. ಹಿಂದೆ ಅಮೆರಿಕನ್ ಮೋಟಾರ್ಸ್ ಕಾರು ಕಂಪನಿ ನಡೆಸಿದ್ದ ಸಿರಿವಂತ. ಪತ್ರಿಕೆಯೊಂದು ಒಂದು ವರ್ಷದ ತೆರಿಗೆ ಪತ್ರ ಕೇಳಿದರೆ ಅವರು ಹನ್ನೆರಡು ವರ್ಷದ್ದು ಕೊಟ್ಟರು. ಒಂದೇ ವರ್ಷದ್ದಾದರೆ ಜನರಿಗೆ ತೋರಿಸಲೆಂದೇ ಅಂದವಾಗಿ ಮಾಡಿಟ್ಟದ್ದೂ ಆಗಿರಬಹುದು ಎಂಬುದು ಅವರ ವಾದ. ಈ ಮಾತು ನನಗೆ ಬಹಳ ಹಿಡಿಸಿತು. ರೋಗಿ ನನ್ನ ಹತ್ತಿರ ಬರುವ ಹಿಂದಿನ ಮೂರು ದಿನ ಪಥ್ಯ ಮಾಡಿ ಬಂದರೆ ಅವತ್ತಿನ ಸಕ್ಕರೆ ಚೆನ್ನಾಗಿಯೇ ಇರುತ್ತದೆ; ಮೂರು ತಿಂಗಳ ಸರಾಸರಿ ಹೇಳುವ ಹಿಮೋಗ್ಲೋಬಿನ್ ಎ-ಒನ್-ಸಿ ಪರೀಕ್ಷೆಯಲ್ಲಿ ಮೈಸೂರು ಪಾಕು ಸಿಕ್ಕಿಬೀಳುತ್ತದೆ. (ಸಂಪಾದಕರು ಕ್ಷಮಿಸಬೇಕು, ಸಕ್ಕರೆ ಕಾಯಿಲೆ ಬಂದೇ ಬಿಟ್ಟಿತು.) ರಾಮ್ನಿ 1968ರ ಫೆಬ್ರವರಿಯಲ್ಲಿ ಕಣದಿಂದ ಹಿಂದೆ ಸರಿದರು. ಹನ್ನೆರಡು ವರ್ಷದ ಲೆಕ್ಕ ಮಾತ್ರ ಮಾದರಿಯಾಗಿ ನಿಂತಿತು. ಆ ಸಲ ಗೆದ್ದವರು ನಿಕ್ಸನ್.

ಅಧ್ಯಕ್ಷ ನಿಕ್ಸನ್ನರ ಕಥೆಯಲ್ಲಿ ನಮಗೆಲ್ಲ ವಾಟರ್‌ಗೇಟ್ ಗೊತ್ತು, ತೆರಿಗೆಯ ಕಥೆ ಅಷ್ಟಾಗಿ ಗೊತ್ತಿಲ್ಲ. 1973ರ ಅಕ್ಟೋಬರ್ 10ರಂದು ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ತೆರಿಗೆ ವಂಚನೆಯ ಆರೋಪಕ್ಕೆ ಪ್ರತಿವಾದ ಮಾಡದೆ ರಾಜೀನಾಮೆ ಕೊಟ್ಟಿದ್ದರು. ಅದೇ ತಿಂಗಳಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆಯ ವರದಿಗಾರ ಜ್ಯಾಕ್ ವೈಟ್ ಬರೆದ ಸುದ್ದಿ ಹೀಗಿತ್ತು: ಎರಡು ಲಕ್ಷ ಡಾಲರಿಗೂ ಮೇಲೆ ಆದಾಯವಿದ್ದ ಅಧ್ಯಕ್ಷರು 1970ರಲ್ಲಿ ಕಟ್ಟಿದ ಕೇಂದ್ರ ತೆರಿಗೆ 792 ಡಾಲರ್ 81 ಸೆಂಟ್, 1971ರಲ್ಲಿ 878 ಡಾಲರ್ 3 ಸೆಂಟ್. ಸಾಧಾರಣ ಗುಮಾಸ್ತ ಕಟ್ಟುವ ತೆರಿಗೆ.

ಹೇಗೆ ಸಾಧ್ಯವಾಯಿತು? ತಾವು ಉಪಾಧ್ಯಕ್ಷರಾಗಿದ್ದ ಕಾಲದ ಕಾಗದಪತ್ರಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ದಾನ ಕೊಟ್ಟು, ಅದರ ಬೆಲೆ ಐದೂಮುಕ್ಕಾಲು ಲಕ್ಷ ಡಾಲರಿಗೂ ಮೇಲೆ ಎಂದು ಕಟ್ಟಿಸಿ, ವರ್ಷವರ್ಷವೂ ಆದಾಯದಿಂದ ಕಳೆದುಕೊಳ್ಳುತ್ತ ಬಂದಿದ್ದರು. ಆದರೆ ಇಂಥ ದಾನಕ್ಕೆ ರಿಯಾಯಿತಿ ಇಲ್ಲ ಎಂದು 1969ರ ಡಿಸೆಂಬರಿನ ಕಾನೂನು ಹೇಳಿತ್ತು, ಗಡುವು ಅದೇ ಜುಲೈ 25. ದಾನಪತ್ರ ತಯಾರಾದದ್ದು 1970ರಲ್ಲಿ. ಅದರ ಮೇಲೆ ಹಾಕಿದ್ದು 1969ರ ಹಳೆಯ ತಾರೀಖು. ಛಾಪಾ ಕಾಗದದ ಮೇಲೆ ಹಿಂದಿನ ತಾರೀಖು ಹಾಕಿಸುವ ವಿದ್ಯೆ ನಮ್ಮ ತಾಲೂಕು ಕಚೇರಿಯ ಅಂಗಳದವರಿಗೆ ಮಾತ್ರ ಗೊತ್ತೆಂದು ನಾನು ತಿಳಿದಿದ್ದೆ!

ನವೆಂಬರ್ 17ರಂದು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಪತ್ರಿಕಾ ಸಂಪಾದಕರ ಮುಂದೆ ನಿಕ್ಸನ್ "ನಾನು ಮೋಸಗಾರನಲ್ಲ" ಎಂದರಲ್ಲ, ಆ ಪ್ರಸಿದ್ಧ ಮಾತು ವಾಟರ್‌ಗೇಟ್ ಕಳ್ಳತನದ ಬಗ್ಗೆ ಆಡಿದ್ದೆಂದು ಬಹಳ ಜನ ತಿಳಿದಿದ್ದಾರೆ. ಸ್ವಂತ ಹಣಕಾಸಿನ ಬಗ್ಗೆ ಸಮಜಾಯಿಷಿ ಕೊಡುತ್ತ ಆಡಿದ ಮಾತು ಅದು. ಡಿಸೆಂಬರಿನಲ್ಲಿ ತಾವೇ ತೆರಿಗೆ ಪತ್ರಗಳನ್ನು ಬಿಡುಗಡೆ ಮಾಡಿ, ಸಂಸತ್ತಿನ ಜಂಟಿ ತೆರಿಗೆ ಸಮಿತಿಯೇ ಪರೀಕ್ಷಿಸಲಿ ಎಂದರು. 1974ರ ಏಪ್ರಿಲಿನಲ್ಲಿ ಸಮಿತಿ ಲೆಕ್ಕ ಹಾಕಿ, ಬಡ್ಡಿ ಸೇರಿ 4 ಲಕ್ಷ 70 ಸಾವಿರ ಡಾಲರಿಗೂ ಹೆಚ್ಚು ಬಾಕಿ ಇದೆ ಎಂದು ಹೇಳಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಆ ವರದಿಗಾರನಿಗೆ ಲೆಕ್ಕ ಸಿಕ್ಕಿದ್ದು ತೆರಿಗೆ ಇಲಾಖೆಯ ಒಳಗಿನಿಂದ ಸೋರಿ. ಯಾವ ಕಾನೂನೂ ಅದನ್ನು ಹೊರಗೆ ತರಲಿಲ್ಲ. ಇಲಾಖೆಯ ತಪಾಸಣೆಯೂ ಮೊದಲು ಅದನ್ನು ಹಿಡಿಯಲಿಲ್ಲ. ಯಾರೋ ಒಬ್ಬ ನೌಕರ ಕೆಲಸ ಪಣಕ್ಕಿಟ್ಟು ಕಾಗದ ಹೊರಗೆ ಹಾಕಿದ, ಇನ್ನೊಬ್ಬ ಅದನ್ನು ಕೂತು ಓದಿದ.

ಈ ಅನುಭವದಿಂದ ಎರಡು ಹುಟ್ಟಿದವು. 1977ರಿಂದ, ಅಧ್ಯಕ್ಷರ ಮತ್ತು ಉಪಾಧ್ಯಕ್ಷರ ತೆರಿಗೆ ಪತ್ರಗಳನ್ನು ಪ್ರತಿ ವರ್ಷ ಕಡ್ಡಾಯವಾಗಿ ತಪಾಸಣೆ ಮಾಡಬೇಕೆಂದು ತೆರಿಗೆ ಇಲಾಖೆ ತನ್ನ ಕೈಪಿಡಿಯಲ್ಲಿ ಬರೆದುಕೊಂಡಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ "ಎಥಿಕ್ಸ್ ಇನ್ ಗವರ್ನಮೆಂಟ್" ಕಾಯಿದೆ ಚುನಾಯಿತರಿಗೂ ಅಭ್ಯರ್ಥಿಗಳಿಗೂ ನ್ಯಾಯಾಧೀಶರಿಗೂ ಆಸ್ತಿ ವಿವರ ಕಡ್ಡಾಯ ಮಾಡಿತು. ಆದರೆ ವಿವರವೆಂದರೆ ಎಂಥದು? ಇಷ್ಟರಿಂದ ಇಷ್ಟರೊಳಗೆ ಎಂಬ ಚೌಕಗಳಿವೆ, ಅದರಲ್ಲಿ ಗುರುತು ಹಾಕಿದರೆ ಆಯಿತು. ಈಗಿನ ಅತಿ ದೊಡ್ಡ ಚೌಕ "5 ಕೋಟಿ ಡಾಲರಿಗೆ ಮೇಲ್ಪಟ್ಟು". ಅದು ಐದು ಕೋಟಿಯೋ ಐನೂರು ಕೋಟಿಯೋ ಚೌಕಕ್ಕೆ ಗೊತ್ತಾಗುವುದಿಲ್ಲ. ತೆರಿಗೆ ಪತ್ರ ತೋರಿಸಬೇಕೆಂದಂತೂ ಕಾಯಿದೆ ಕೇಳಲಿಲ್ಲ. ಹೇಗಿದ್ದರೂ ಎಲ್ಲರೂ ತೋರಿಸುತ್ತಾರಲ್ಲ ಎಂಬ ನಂಬಿಕೆಯೇನೋ! 1980ರಿಂದ 2012ರವರೆಗೆ ಎರಡೂ ದೊಡ್ಡ ಪಕ್ಷಗಳ ಅಧ್ಯಕ್ಷ ಅಭ್ಯರ್ಥಿಗಳು ಕೆಲವು ವರ್ಷದ್ದಾದರೂ ತೋರಿಸುತ್ತಲೇ ಬಂದರು.

ಮಧ್ಯೆ 1984ರಲ್ಲಿ ಜೆರಾಲ್ಡಿನ್ ಫೆರಾರೋ. ದೊಡ್ಡ ಪಕ್ಷವೊಂದರಿಂದ ಉಪಾಧ್ಯಕ್ಷ ಪದವಿಗೆ ನಿಂತ ಮೊದಲ ಹೆಂಗಸು. ಗಂಡನದು ನ್ಯೂಯಾರ್ಕಿನಲ್ಲಿ ಮನೆ-ಜಾಗದ ವ್ಯಾಪಾರ. ಆತ ತನ್ನ ತೆರಿಗೆ ಪತ್ರ ತೋರಿಸುವುದಿಲ್ಲ ಎಂದುಬಿಟ್ಟ. ಕೆಲವೇ ದಿನದ ಗದ್ದಲದ ನಂತರ ತೋರಿಸಲೇಬೇಕಾಯಿತು, ಹಳೆಯ ತೆರಿಗೆ ಬಾಕಿ ಬಡ್ಡಿ ಸೇರಿ 53,000 ಡಾಲರ್ ಕಟ್ಟಲೂಬೇಕಾಯಿತು. ಫೆರಾರೋ ಸುಮಾರು ಎರಡು ಗಂಟೆ ಪತ್ರಕರ್ತರ ಪ್ರಶ್ನೆಗಳಿಗೆ ನಿಂತು ಉತ್ತರ ಕೊಟ್ಟರು. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದಾಗ, "ಗಂಡಸರು ನಿಂತಾಗ ಅವರ ಹೆಂಡತಿಯರ ಲೆಕ್ಕವನ್ನು ಹೀಗೇ ಕೇಳಿದ್ದರಾ?" ಎಂದಳು. ಪ್ರಶ್ನೆ ನ್ಯಾಯವಾದದ್ದು. ಎಲ್ಲರ ಮನೆಯವರ ಲೆಕ್ಕವನ್ನೂ ಒಂದೇ ಅಳತೆಯಲ್ಲಿ ಕೇಳಬೇಕು ಎನ್ನುವುದೇ ಅದಕ್ಕೆ ಉತ್ತರ. ಗಂಡ-ಹೆಂಡಿರ ಲೆಕ್ಕ ಬಿಟ್ಟುಬಿಡಿ ಎಂದರೆ ಏನಾಗುತ್ತದೆಂದು ಬೇನಾಮಿ ಎಂಬ ಮಾತನ್ನು ತೊಟ್ಟಿಲಲ್ಲೇ ಕಲಿತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

2012ರಲ್ಲಿ ವಿಧಿಯ ಆಟ ನೋಡಿ: ನಿಂತವರು ಜಾರ್ಜ್ ರಾಮ್ನಿಯವರ ಮಗ ಮಿಟ್ ರಾಮ್ನಿ. ಅಪ್ಪ ಹನ್ನೆರಡು ವರ್ಷದ್ದು ಕೊಟ್ಟಿದ್ದರೆ ಮಗ ಬಹಳ ಒತ್ತಾಯದ ಮೇಲೆ ಎರಡು ವರ್ಷದ್ದು ಕೊಟ್ಟರು. 2010ರಲ್ಲಿ 2 ಕೋಟಿ 16 ಲಕ್ಷ ಡಾಲರ್ ಆದಾಯಕ್ಕೆ ತೆರಿಗೆ ಶೇಕಡ 13.9. ನಮ್ಮ ಸಂಘದ ಸಂಬಳದಾರರಲ್ಲಿ ಅನೇಕರು ಇದಕ್ಕಿಂತ ಹೆಚ್ಚಿನ ದರದಲ್ಲಿ ಕಟ್ಟುತ್ತೇವೆ. ಕಾನೂನಿನಲ್ಲಿ ತಪ್ಪಿಲ್ಲ, ಬಂಡವಾಳದ ಆದಾಯಕ್ಕೆ ದರವೇ ಕಡಿಮೆ. ಸ್ವಾರಸ್ಯ 2011ರ ಲೆಕ್ಕದಲ್ಲಿದೆ. ತಾನು ಶೇಕಡ 13ಕ್ಕಿಂತ ಕಡಿಮೆ ಎಂದೂ ಕಟ್ಟಿಲ್ಲ ಎಂದು ಹೇಳಿಬಿಟ್ಟಿದ್ದರು, ಅದಕ್ಕಾಗಿ ದಾನಧರ್ಮಕ್ಕೆ ಸಿಗುವ ಪೂರ್ತಿ ರಿಯಾಯಿತಿ ತೆಗೆದುಕೊಳ್ಳದೆ ಬೇಕೆಂದೇ ಹೆಚ್ಚು ತೆರಿಗೆ ಕಟ್ಟಿದರು. ಒಂದು ವರ್ಷದ್ದನ್ನು ಅಂದವಾಗಿ ಮಾಡಿಡಬಹುದು ಎಂದು ಅಪ್ಪ ಎಚ್ಚರಿಸಿದ್ದರಲ್ಲ, ಅದೇ.

2016ರಲ್ಲಿ ಡೊನಾಲ್ಡ್ ಟ್ರಂಪ್ 104 ಪುಟಗಳ ಚೌಕದ ಫಾರಂ ತುಂಬಿಕೊಟ್ಟರು, ತೆರಿಗೆ ಪತ್ರ ಕೊಡಲಿಲ್ಲ. ತಪಾಸಣೆ ನಡೆಯುತ್ತಿದೆ, ಮುಗಿಯಲಿ ಎಂದರು. ನಿಕ್ಸನ್ನರು ತಪಾಸಣೆಯ ನಡುವೆಯೇ ಕೊಟ್ಟಿದ್ದರೆಂದು ಬರೆದವರು ಬರೆದರು. ಜನ ಕೇಳಿದರು, ಓಟು ಹಾಕಿದರು, ಅವರು ಗೆದ್ದರು. ನಲವತ್ತು ವರ್ಷದ ರೂಢಿ ಒಂದೇ ಚುನಾವಣೆಯಲ್ಲಿ ಮುಗಿಯಿತು. 2020ರಲ್ಲೂ 2024ರಲ್ಲೂ ಅವರು ಕೊಡಲಿಲ್ಲ. ತೆರಿಗೆ ಪತ್ರ ಕೊಡದವರ ಹೆಸರು ಪ್ರಾಥಮಿಕ ಚುನಾವಣೆಯ ಮತಪತ್ರದಲ್ಲಿ ಇರಕೂಡದೆಂದು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಒಮ್ಮತದಿಂದ ಅದನ್ನು ಹೊಡೆದುಹಾಕಿತು. ಕಾಂಗ್ರೆಸ್ಸಿನ ಸಮಿತಿ 2019ರ ಏಪ್ರಿಲಿನಲ್ಲಿ ಪತ್ರಗಳನ್ನು ಕೇಳಿತು, ಕೋರ್ಟು ಕಚೇರಿ ಸುತ್ತಿ ಕೈಗೆ ಸಿಕ್ಕಾಗ 2022ರ ನವೆಂಬರ್. ಅಷ್ಟರಲ್ಲಿ ಪತ್ರಿಕೆಯೊಂದು, 2016 ಮತ್ತು 2017ರಲ್ಲಿ ಅವರು ಕಟ್ಟಿದ ಕೇಂದ್ರ ಆದಾಯ ತೆರಿಗೆ ತಲಾ 750 ಡಾಲರ್ ಎಂದು 2020ರಲ್ಲೇ ಬರೆದಾಗಿತ್ತು. ಈ ಸಲವೂ ಒಳಗಿನಿಂದ ಸೋರಿದ್ದು. ಸೋರಿಸಿದ ಗುತ್ತಿಗೆ ನೌಕರನಿಗೆ 2024ರಲ್ಲಿ ಐದು ವರ್ಷ ಸಜೆಯಾಯಿತು.

ನನ್ನನ್ನು ದಂಗುಬಡಿಸಿದ್ದು 750 ಡಾಲರ್ ಅಲ್ಲ. ಪ್ರತಿ ವರ್ಷ ಅಧ್ಯಕ್ಷರ ಲೆಕ್ಕ ತಪಾಸಣೆ ಮಾಡಲೇಬೇಕೆಂಬ 1977ರ ನಿಯಮವಿತ್ತಲ್ಲ, ಆ ಅಧ್ಯಕ್ಷಾವಧಿಯ ಮೊದಲ ಎರಡು ವರ್ಷ ಅದು ನಡೆದೇ ಇರಲಿಲ್ಲ ಎಂದು ಸಮಿತಿ ಕಂಡುಕೊಂಡಿತು. ಕೈಪಿಡಿಯಲ್ಲಿ ಬರೆದದ್ದು ಕೈಪಿಡಿಯಲ್ಲೇ ಇತ್ತು.

ಇನ್ನು ನಮ್ಮ ದೇಶದ ಕಡೆ ಬರೋಣ. ಅಲ್ಲಿ ಈ ಕೆಲಸ ರೂಢಿಯಿಂದ ಆಗಲಿಲ್ಲ, ನ್ಯಾಯಾಲಯದ ಬಡಿಗೆಯಿಂದ ಆಯಿತು. ಕರ್ನಾಟಕದ ಮಟ್ಟಿಗೆ ಹೇಳಿಕೊಳ್ಳುವಂಥ ಒಂದು ಆರಂಭವಿತ್ತು. ರಾಮಕೃಷ್ಣ ಹೆಗಡೆಯವರ ಕಾಲದ 1984ರ ಲೋಕಾಯುಕ್ತ ಕಾಯಿದೆಯ ಪ್ರಕಾರ ಶಾಸಕರು, ಮಂತ್ರಿಗಳು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ-ಸಾಲದ ವಿವರ ಲೋಕಾಯುಕ್ತರಿಗೆ ಕೊಡಬೇಕು. ಕೊಡದವರಿಗೆ ಶಿಕ್ಷೆ? ಎಚ್ಚರಿಕೆಯ ನಂತರವೂ ಕೊಡದಿದ್ದರೆ ಅವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದು. ನಾಚಿಕೆಯನ್ನೇ ಪೊಲೀಸ್ ಮಾಡಿದ ಕಾನೂನು. ಆದರೆ ಇದು ಗೆದ್ದವರಿಗೆ. ಗೆಲ್ಲಲು ಬಂದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಸೇರಿ ಎ.ಡಿ.ಆರ್. ಎಂಬ ಸಂಸ್ಥೆ ಕಟ್ಟಿ ದೆಹಲಿ ಹೈಕೋರ್ಟಿಗೆ ಹೋದರು. ಅಭ್ಯರ್ಥಿಗಳ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಓದು ಇವು ಮತದಾರನಿಗೆ ತಿಳಿಯಬೇಕು ಎಂಬುದು ಕೋರಿಕೆ. 2002ರ ಮೇ 2ರಂದು ಸುಪ್ರೀಂ ಕೋರ್ಟು ಒಪ್ಪಿತು. ಜೂನ್ 28ರಂದು ಚುನಾವಣಾ ಆಯೋಗ ಆದೇಶ ಹೊರಡಿಸಿತು. ಜುಲೈ ತಿಂಗಳಲ್ಲಿ ಸರ್ವಪಕ್ಷಗಳ ಸಭೆ ಸೇರಿತು. ಕಾವೇರಿಯಿಂದ ಕಾಶ್ಮೀರದವರೆಗೆ ಯಾವುದರಲ್ಲೂ ಒಮ್ಮತವಿಲ್ಲದ ಪಕ್ಷಗಳು ಅವತ್ತು ಒಂದೇ ಕೊರಳಲ್ಲಿ ಬೇಡ ಎಂದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಆಸ್ತಿಯ ಮಾತನ್ನು ಕೈಬಿಟ್ಟ ಸುಗ್ರೀವಾಜ್ಞೆ ಸಿದ್ಧವಾಯಿತು. ರಾಷ್ಟ್ರಪತಿಯಾಗಿ ಇನ್ನೂ ತಿಂಗಳು ತುಂಬದಿದ್ದ ಅಬ್ದುಲ್ ಕಲಾಂ ಸ್ಪಷ್ಟನೆ ಕೇಳಿ ಅದನ್ನು ಹಿಂದಕ್ಕೆ ಕಳಿಸಿದರು. ಸಂಪುಟ ಹಾಗೇ ವಾಪಸು ಕಳಿಸಿತು; ಸಂವಿಧಾನದಂತೆ ಅವರು ಸಹಿ ಹಾಕಬೇಕಾಯಿತು, ಆಗಸ್ಟ್ 24ಕ್ಕೆ. ಆಮೇಲೆ ಬಂದ ಕಾಯಿದೆಯಲ್ಲಿ, ಯಾವ ನ್ಯಾಯಾಲಯ ಏನೇ ಹೇಳಿರಲಿ ಕಾಯಿದೆಯಲ್ಲಿ ಇಲ್ಲದ್ದನ್ನು ಅಭ್ಯರ್ಥಿ ತಿಳಿಸಬೇಕಾಗಿಲ್ಲ ಎಂಬ ಕಲಮನ್ನೇ ಸೇರಿಸಿದರು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಆ ಕಲಮನ್ನು ರದ್ದು ಮಾಡಿತು.

ಹೀಗೆ 2004ರ ಏಪ್ರಿಲಿನಲ್ಲಿ, ಲೋಕಸಭೆ ಮತ್ತು ನಮ್ಮ ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ನಡೆದಾಗ, ಕನ್ನಡ ಪತ್ರಿಕೆಗಳಲ್ಲಿ ಅಭ್ಯರ್ಥಿಗಳ ಆಸ್ತಿಪಟ್ಟಿ ಬಂತು. ಆಗ ನಾನು ಮನೆಯ ಉಪನಯನಕ್ಕೆಂದು ತುಮಕೂರಿನಲ್ಲಿದ್ದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದ ನಮ್ಮ ಚಿಕ್ಕಪ್ಪ ಜಗಲಿಯಲ್ಲಿ ಪೆನ್ಸಿಲ್ ಹಿಡಿದು ಪತ್ರಿಕೆ ಓದುತ್ತಿದ್ದರು. ಆ ಕಡೆಯ ಒಬ್ಬ ಅಭ್ಯರ್ಥಿ ಬೆಂಗಳೂರಿನ ಸೈಟಿಗೆ ಹಾಕಿದ್ದ ಬೆಲೆಗೆ ಒಂದು ಗೆರೆ. "ಈ ದುಡ್ಡಿಗೆ ಆ ಬೀದೀಲಿ ಕಾಂಪೌಂಡ್ ಗೋಡೆನೂ ಏಳೋದಿಲ್ಲ ಕಣೋ." ಹೆಂಡತಿಯ ಹೆಸರಿನಲ್ಲಿದ್ದ ಚಿನ್ನದ ತೂಕಕ್ಕೆ ಇನ್ನೊಂದು ಗೆರೆ. "ಮಗಳ ಮದುವೇಲಿ ಆಯಮ್ಮ ಮೈಮೇಲೆ ಹಾಕ್ಕೊಂಡಿದ್ದೇ ಇದರ ಎರಡರಷ್ಟಿತ್ತು. ನಾನೇ ಊಟಕ್ಕೆ ಹೋಗಿದ್ದೆ." ಸ್ವಂತ ವಾಹನ ಇಲ್ಲ ಎಂಬಲ್ಲಿ ಚಿಕ್ಕಪ್ಪ ಗೆರೆ ಹಾಕಲಿಲ್ಲ, ಕನ್ನಡಕ ತೆಗೆದು ನಕ್ಕರು. ಹತ್ತು ನಿಮಿಷದಲ್ಲಿ ಮುಗಿದ ಆ ತಪಾಸಣೆ ಯಾವ ಇಲಾಖೆಯ ತಪಾಸಣೆಗೂ ಕಡಿಮೆಯಿರಲಿಲ್ಲ. ಆದರೆ ಅದು ಜಗಲಿ ದಾಟಿ ಹೋಗಲಿಲ್ಲ.

ನಮ್ಮವರ ಅಫಿಡವಿಟ್ಟು ಕಾಗದದ ಮೇಲೆ ಅಮೆರಿಕದ ಚೌಕದ ಫಾರಂಗಿಂತ ಬಹಳ ಗಟ್ಟಿ. ರೂಪಾಯಿ ಲೆಕ್ಕ ಬರೆಯಬೇಕು, ಚಿನ್ನದ ತೂಕ ಬರೆಯಬೇಕು, ಗಂಡ ಅಥವಾ ಹೆಂಡತಿ ಮತ್ತು ಅವಲಂಬಿತರ ಆಸ್ತಿಯನ್ನೂ ಬರೆಯಬೇಕು. ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ, ಆದಾಯದ ಮೂಲವನ್ನೂ ತಿಳಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರಿಂದ ಐದು ವರ್ಷದ ತೆರಿಗೆ ರಿಟರ್ನಿನ ಆದಾಯವನ್ನೂ ವಿದೇಶದ ಆಸ್ತಿಯನ್ನೂ ತುಂಬಬೇಕು. ಇಲ್ಲಿ ಅಧ್ಯಕ್ಷರೂ ಕೊಡದಿರುವುದನ್ನು ಅಲ್ಲಿ ಹೊಸಕೋಟೆಯಲ್ಲಿ ನಿಂತವರು ಕೊಡುತ್ತಾರೆ.

ಹೊಸಕೋಟೆ ಎಂದದ್ದು ಸುಮ್ಮನೆ ಅಲ್ಲ. ಅಲ್ಲಿಯ ಎಂ.ಟಿ.ಬಿ. ನಾಗರಾಜ್ 2018ರಲ್ಲಿ ಸಾವಿರ ಕೋಟಿಗೂ ಮೇಲೆ ಆಸ್ತಿ ಘೋಷಿಸಿ ಗೆದ್ದರು. ಮರುವರ್ಷದ ಉಪಚುನಾವಣೆಗೆ ಬಂದಾಗ ಅದು 1,200 ಕೋಟಿ ದಾಟಿತ್ತು, ಸೋತರು. 2023ರಲ್ಲಿ 1,609 ಕೋಟಿ, ಮತ್ತೆ ಸೋತರು. ಅದೇ 2023ರಲ್ಲಿ 1,413 ಕೋಟಿ ಘೋಷಿಸಿದ ಡಿ.ಕೆ. ಶಿವಕುಮಾರ್ ಕನಕಪುರದಲ್ಲಿ 1,22,392 ಮತಗಳ ಅಂತರದಿಂದ ಗೆದ್ದರು. ಹೀಗಾಗಿ, ಆಸ್ತಿ ತೋರಿಸಿದರೆ ಜನ ಅಸೂಯೆಯಿಂದ ಸೋಲಿಸುತ್ತಾರೆ ಎಂಬ ಹೆದರಿಕೆಗೆ ಆಧಾರ ಕಾಣೆ. ಜನರಿಗೆ ಅವರದೇ ಲೆಕ್ಕಾಚಾರವಿದೆ. ಒಂದು ಅಫಿಡವಿಟ್ಟಿಗಿಂತ, ಒಬ್ಬರದೇ ಎರಡು ಮೂರು ಚುನಾವಣೆಯ ಅಫಿಡವಿಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಹಿರಿಯ ರಾಮ್ನಿ ಹೇಳಿದ್ದು ಅದನ್ನೇ.

ಸುಳ್ಳು ಬರೆದರೆ? ಆರು ತಿಂಗಳವರೆಗೆ ಸಜೆ ಅಥವಾ ದಂಡ ಎಂದು ಕಾನೂನಿದೆ. ಆದರೆ ಚುನಾವಣಾಧಿಕಾರಿ ಬರೆದದ್ದು ನಿಜವೇ ಎಂದು ಪರೀಕ್ಷಿಸುವುದಿಲ್ಲ, ತುಂಬಿದೆಯೇ ಎಂದಷ್ಟೇ ನೋಡುತ್ತಾರೆ. ತಕರಾರಿದ್ದವರು ಎದುರು ಅಫಿಡವಿಟ್ಟು ಕೊಡಬಹುದು, ಅದನ್ನೂ ಪ್ರಕಟಿಸುತ್ತಾರೆ. ಸತ್ಯ ತೀರ್ಮಾನವಾಗಬೇಕಾದರೆ ಕೋರ್ಟು. ಹಾಸನದ ಉದಾಹರಣೆ ಸಾಕು. ಪ್ರಜ್ವಲ್ ರೇವಣ್ಣನವರ 2019ರ ಲೋಕಸಭಾ ಗೆಲುವನ್ನು, ಆಸ್ತಿ ವಿವರ ಸರಿಯಾಗಿ ಕೊಡಲಿಲ್ಲ ಎಂಬ ಕಾರಣ ಸೇರಿದ ಅರ್ಜಿಗಳ ಮೇಲೆ, ಕರ್ನಾಟಕ ಹೈಕೋರ್ಟು ಅಸಿಂಧು ಎಂದು ಸಾರಿತು. (ಆ ಹೆಸರು ಆಮೇಲೆ ಬೇರೆ ಕಾರಣಕ್ಕೆ ಕೇಳಿಬಂತು, ಅದು ಇಲ್ಲಿಯ ವಿಷಯವಲ್ಲ.) ತೀರ್ಪು ಬಂದದ್ದು 2023ರ ಸೆಪ್ಟೆಂಬರ್ 1ಕ್ಕೆ. ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಮೂರು ತಿಂಗಳು ಕಳೆದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ. ರೋಗಿ ಡಿಸ್ಚಾರ್ಜ್ ಆಗಿ ಮನೆ ಸೇರಿದ ಮೇಲೆ ಲ್ಯಾಬ್ ರಿಪೋರ್ಟು ಬಂದ ಹಾಗೆ. 2024ರ ಏಪ್ರಿಲಿನಲ್ಲಿ ಅರುಣಾಚಲ ಪ್ರದೇಶದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಗಣನೀಯ ಬೆಲೆಯದಲ್ಲದ ಚರಾಸ್ತಿಯ ಪ್ರತಿಯೊಂದು ಚೂರನ್ನೂ ಅಭ್ಯರ್ಥಿ ಬರೆಯಬೇಕಾಗಿಲ್ಲ, ಅವನಿಗೂ ಖಾಸಗಿತನ ಉಂಟು ಎಂದು ಹೇಳಿತು.

ಖಾಸಗಿತನದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ರೋಗಿಯ ಗುಟ್ಟು ಕಾಯುವುದು ನನ್ನ ವೃತ್ತಿಯ ಮೊದಲ ಪಾಠ. ಆದರೆ ರೋಗಿ ನನ್ನ ಬಳಿ ಬರುವುದು ತನ್ನ ಕಷ್ಟಕ್ಕೆ, ಬೇರೆ ದಾರಿಯಿಲ್ಲದೆ. ಅಭ್ಯರ್ಥಿಯನ್ನು ಯಾರೂ ಎಳೆದು ತಂದಿರುವುದಿಲ್ಲ. ಕೆಲಸ ಕೊಡಿ ಎಂದು ಅವನೇ ಬಾಗಿಲು ತಟ್ಟುತ್ತಾನೆ. ಕೈಗಡಿಯಾರ, ಮಂಚ, ಮೇಜು ಎಣಿಸುವುದು ಬೇಡ ಎಂಬುದನ್ನು ಒಪ್ಪುತ್ತೇನೆ. ಹಣ ಎಲ್ಲಿಂದ ಬಂತು, ಯಾರಿಗೆ ಸಾಲ ಇದೆ, ಸರಕಾರದ ಗುತ್ತಿಗೆಯಲ್ಲಿ ಪಾಲಿದೆಯೇ, ಈ ಮೂರನ್ನು ಬಿಡಲಾಗದು. ಅಮೆರಿಕದವರು ನಮ್ಮ ಐದು ವರ್ಷದ ಕಾಲಮನ್ನು ಕಾನೂನಾಗಿ ಬರೆದುಕೊಳ್ಳಲಿ. ನಮ್ಮವರು ಮತದಾನಕ್ಕೆ ಮೊದಲು ಗೆದ್ದೇ ಗೆಲ್ಲುವಂಥ ಇಬ್ಬರು ಮೂವರ ಅಫಿಡವಿಟ್ಟನ್ನಾದರೂ ತೆರಿಗೆ ಇಲಾಖೆಯ ಕಡತಕ್ಕೆ ಹೋಲಿಸಿ ನೋಡುವ ಏರ್ಪಾಡು ಮಾಡಲಿ. ನಾಮಪತ್ರಕ್ಕೂ ಮತದಾನಕ್ಕೂ ನಡುವಿನ ಸಮಯ ಸಾಲದು ಎನ್ನುವವರಿದ್ದಾರೆ. ನಮ್ಮ ಚಿಕ್ಕಪ್ಪನಿಗೆ ಹತ್ತು ನಿಮಿಷ ಸಾಕಾಗಿತ್ತು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಸದಸ್ಯರಿಗೆ ಒಂದು ಮಾತು. 2010ರ ತಿದ್ದುಪಡಿಯ ನಂತರ ನೀವು ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು, ಓಟು ಹಾಕಲು ಮಾತ್ರ ಖುದ್ದಾಗಿ ಹೋಗಬೇಕು. ನನ್ನಂತೆ ಪೌರತ್ವ ಬದಲಿಸಿದವರಿಗೆ ಆ ಹಕ್ಕಿಲ್ಲ. ಆದರೆ ಅಭ್ಯರ್ಥಿಗಳ ಅಫಿಡವಿಟ್ಟುಗಳನ್ನು ಚುನಾವಣಾ ಆಯೋಗದ ತಾಣದಲ್ಲಿ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ತೆಗೆದು ನೋಡಬಹುದು. ಊರಿಗೆ ಫೋನ್ ಮಾಡುವ ಮೊದಲು ನಿಮ್ಮ ಕ್ಷೇತ್ರದ್ದನ್ನು ಒಮ್ಮೆ ತೆಗೆದು, ಫೋನಿನ ಆ ಕಡೆ ಇರುವ ಹಿರಿಯರಿಗೆ ಸೈಟಿನ ಬೆಲೆ, ಚಿನ್ನದ ತೂಕ ಓದಿ ಹೇಳಿ. ಅವರೇನೆನ್ನುತ್ತಾರೋ ಕೇಳಿಸಿಕೊಳ್ಳಿ.